ಸದ್ದು ಹೆಚ್ಚಿತು, ಮಾತು ಕೇಳಿಸಲಿಲ್ಲ

ನಿಮ್ಮ ಮನೆಯ ಹಿರಿಯರು ಇತ್ತೀಚೆಗೆ ಟಿ.ವಿ. ಮುಂದೆ ಕೂರುವುದನ್ನು ಬಿಟ್ಟು ಒಳಕೋಣೆ ಸೇರಿಕೊಂಡಿದ್ದಾರೆಯೇ? “ವಯಸ್ಸಾಯಿತು, ಒಬ್ಬರೇ ಇರುವುದೇ ಅವರಿಗೆ ಇಷ್ಟ” ಎಂದು ನೀವೂ ಸುಮ್ಮನಾಗಿದ್ದೀರಾ? ಚನ್ನಪಟ್ಟಣದ ನಮ್ಮ ಮನೆಯಲ್ಲಿ ನಾನು ಹಾಗೆಯೇ ಅಂದುಕೊಂಡಿದ್ದೆ.

ಮೈದುನ ದಮ್ಮಾಮ್‌ನಿಂದ ರಜೆಗೆ ಬರುವಾಗ ಒಂದು ಆಡಿಯೊ ರಿಸೀವರ್ ತಂದಿದ್ದ. ಟಿ.ವಿ.ಯ ಅಕ್ಕಪಕ್ಕ ಎರಡು ಸ್ಪೀಕರ್, ಕೆಳಗೆ ಒಂದು, ಬೆನ್ನ ಹಿಂದೆ ಎರಡು, ಮೂಲೆಯಲ್ಲಿ ಗುಡುಗುವ ದೊಡ್ಡ ಡಬ್ಬ. ಜೋಡಿಸಲು ಬಂದ ಹುಡುಗ ಎಲ್ಲ ಸ್ಪೀಕರ್‌ಗಳೂ ಒಟ್ಟಿಗೆ ಮೊಳಗುವಂತೆ ಒಂದು ಗುಂಡಿ ಒತ್ತಿ ಹೋದ. ಮಕ್ಕಳು ಕುಣಿದಾಡಿದರು. ಅತ್ತೆ ಮಾತ್ರ ಮೊದಲ ವಾರವಿಡೀ “ಏನಂತೆ? ಅವನು ಏನಂದ?” ಎಂದು ಕೇಳುತ್ತಲೇ ಇದ್ದರು. ನಾವು ವಾಲ್ಯೂಮ್ ಏರಿಸಿದೆವು. ಪಕ್ಕದ ಮನೆಯವರು ಗೋಡೆ ಬಡಿದರು. ಎರಡನೆಯ ವಾರ ಅತ್ತೆ ಕೇಳುವುದನ್ನೇ ನಿಲ್ಲಿಸಿಬಿಟ್ಟರು. ಇಶಾ ನಮಾಝ್ ಮುಗಿಸಿ ನೇರವಾಗಿ ಮಲಗಲು ಹೋಗುತ್ತಿದ್ದರು.

ಒಂದು ಸಂಜೆ ರಿಸೀವರ್‌ನ ವೈರು ಸಡಿಲವಾಗಿ, ಟಿ.ವಿ.ಯದೇ ಪುಟ್ಟ ಸ್ಪೀಕರ್‌ನಲ್ಲಿ ವಾರ್ತೆ ಹಾಕಿದ್ದೆವು. ಅತ್ತೆ ಬಂದು ಕೂತರು. ಕೂತದ್ದಷ್ಟೇ ಅಲ್ಲ, ವಾರ್ತೆ ಓದುವವಳಿಗೆ ಎದುರುತ್ತರವನ್ನೂ ಕೊಟ್ಟರು! ನನಗೆ ನಾಚಿಕೆಯಾಯಿತು. ಅಂದು ರಾತ್ರಿಯೇ ಕೈಪಿಡಿ ತೆರೆದು ಕುಳಿತೆ.

ರಿಸೀವರ್‌ನಲ್ಲಿ ಹತ್ತಾರು ‘ಲಿಸನಿಂಗ್ ಮೋಡ್’ಗಳಿರುತ್ತವೆ. ಅವು ಸದ್ದನ್ನು ಯಾವ ಸ್ಪೀಕರ್‌ಗೆ ಎಷ್ಟು ಹಂಚಬೇಕು ಎಂಬ ಬೇರೆ ಬೇರೆ ಲೆಕ್ಕಾಚಾರಗಳು, ಅಷ್ಟೆ. ಆ ಹುಡುಗ ಹಾಕಿಹೋಗಿದ್ದುದು ‘ಆಲ್ ಚಾನೆಲ್ ಸ್ಟೀರಿಯೊ’. ಇದರಲ್ಲಿ ಒಂದೇ ಮಾತು ಮುಂದಿನಿಂದಲೂ ಹಿಂದಿನಿಂದಲೂ ಬರುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಹತ್ತಿರದ ಸ್ಪೀಕರ್‌ನ ಮಾತು ಮೊದಲು, ದೂರದ್ದು ಆಮೇಲೆ ಕಿವಿಗೆ ಮುಟ್ಟುತ್ತದೆ. ಟೈಲ್ಸ್ ನೆಲದ, ಬೋಳು ಗೋಡೆಯ ನಮ್ಮ ಹಾಲ್‌ಗಳಲ್ಲಿ ಅದರ ಮೇಲೆ ಪ್ರತಿಧ್ವನಿ ಬೇರೆ. ಎಳೆಯ ಕಿವಿಗಳು ಇದನ್ನು ಹೇಗೋ ಬಿಡಿಸಿಕೊಳ್ಳುತ್ತವೆ. ಹಿರಿಯರ ಕಿವಿಗೆ ಅದು ಕಷ್ಟ. ಮದುವೆ ಮನೆಯಲ್ಲಿ ನಾಲ್ಕು ಕೋಣೆಯಲ್ಲಿ ಮಂದಿ ತುಂಬಿದ್ದಾಗ ಈ ಮೋಡ್ ಚೆನ್ನ. ದಿನದ ವಾರ್ತೆಗೆ ಬೇಡ.

ಹಾಗಾದರೆ ಯಾವುದು ಬೇಕು? ಇದಕ್ಕೆ ನಮ್ಮೂರ ಪಕ್ಕದ ಒಂದು ಕಥೆಯೇ ಇದೆ. ರಾಮನಗರದ ಬಂಡೆಗಳ ನಡುವೆ 1973ರಿಂದ ಚಿತ್ರೀಕರಣವಾದ ‘ಶೋಲೆ’ 1975ರ ಆಗಸ್ಟ್ 15ರಂದು ಬಿಡುಗಡೆಯಾಯಿತು. ಅದನ್ನು 35 ಎಂ.ಎಂ.ನಲ್ಲಿ ತೆಗೆದು 70 ಎಂ.ಎಂ.ಗೆ ಹಿಗ್ಗಿಸಿ, ಸ್ಟೀರಿಯೊ ಧ್ವನಿ ಕೊಟ್ಟಿದ್ದರು. ಸಂಭಾಷಣೆಗಳದ್ದೇ ಗ್ರಾಮಫೋನ್ ರೆಕಾರ್ಡ್ ಬಂತು, ಜನ ಮುಗಿಬಿದ್ದು ಕೊಂಡರು. ಇಂಥ ದೊಡ್ಡ ಪರದೆಯ ಚಿತ್ರಮಂದಿರದಲ್ಲಿ ಪರದೆಯ ಹಿಂದೆ ಸಾಲಾಗಿ ಸ್ಪೀಕರ್‌ಗಳಿರುತ್ತವೆ. ಮಾತು ಮುಖ್ಯವಾಗಿ ನಡುವಿನದರಿಂದ ಬರುತ್ತದೆ. ಏಕೆಂದರೆ ಪಕ್ಕದ ಸಾಲಿನಲ್ಲಿ ಕೂತವರಿಗೂ ಅದು ನಟನ ಬಾಯಿಂದ ಬಂದಂತೆ ಕೇಳಬೇಕು. ನಿಮ್ಮ ಟಿ.ವಿ.ಯ ಕೆಳಗಿರುವ ಸೆಂಟರ್ ಸ್ಪೀಕರ್ ಅದರ ಮರಿ.

ಆದ್ದರಿಂದ ನಿಮ್ಮಲ್ಲಿ ಸೆಂಟರ್ ಸ್ಪೀಕರ್ ಇದ್ದರೆ, ವಾರ್ತೆಗೂ ಧಾರಾವಾಹಿಗೂ ‘ಡಾಲ್ಬಿ ಸರೌಂಡ್’ ಇಡಿ. ಹಳೆಯ ರಿಸೀವರ್ ಆದರೆ ‘ಪ್ರೊ ಲಾಜಿಕ್ 2 ಮೂವಿ’. ಎಡಬಲ ಎರಡರಲ್ಲೂ ಸಮನಾಗಿ ಬರುವ ಮಾತನ್ನು ಇವು ಹೆಕ್ಕಿ ನಡುವಿನ ಸ್ಪೀಕರ್‌ಗೆ ಕಳಿಸುತ್ತವೆ. ನಮ್ಮ ಅತ್ತೆ ಕೂರುವುದು ಬಾಗಿಲ ಪಕ್ಕದ ದಿವಾನದ ಮೇಲೆ. ಬರೀ ಸ್ಟೀರಿಯೊದಲ್ಲಿ ಆ ಜಾಗಕ್ಕೆ ಮಾತು ಹತ್ತಿರದ ಸ್ಪೀಕರ್‌ನತ್ತ ಜಗ್ಗಿದಂತೆ ಕೇಳುತ್ತದೆ. ಈಗ ಟಿ.ವಿ.ಯಿಂದಲೇ ಬರುತ್ತದೆ. ಮೋಡ್ ಬದಲಿಸಿದ ಮೇಲೆ ಸ್ಪೀಕರ್ ಲೆವೆಲ್ ಎಂಬಲ್ಲಿ ಸೆಂಟರ್ ಒಂದನ್ನು ಮಾತ್ರ 3 ಡೆಸಿಬಲ್ ಏರಿಸಿದೆ. ಒಟ್ಟು ವಾಲ್ಯೂಮ್ ಮೊದಲಿಗಿಂತ ಕಡಿಮೆಯೇ ಇದೆ.

ಹಾಡು ಕೇಳುವಾಗ ‘ಸ್ಟೀರಿಯೊ’ ಅಥವಾ ‘ಡೈರೆಕ್ಟ್’ ಸಾಕು. ‘ಹಾಲ್’, ‘ಸ್ಟೇಡಿಯಂ’ ಎಂಬ ಮೋಡ್‌ಗಳು ಇಲ್ಲದ ಪ್ರತಿಧ್ವನಿಯನ್ನು ಸೇರಿಸುತ್ತವೆ. ಮಸೀದಿಯಲ್ಲಿ ಧ್ವನಿಮುದ್ರಿಸಿದ ಕುರ್‌ಆನ್ ಪಾರಾಯಣದಲ್ಲಿ ಪ್ರತಿಧ್ವನಿ ಮೊದಲೇ ಇರುತ್ತದೆ. ಅದಕ್ಕೆ ‘ಹಾಲ್’ ಹಾಕಿದರೆ ಅಕ್ಷರಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಆ ಗುಂಡಿಗಳನ್ನು ಯಾರಿಗಾಗಿ ಇಟ್ಟಿದ್ದಾರೋ, ನನಗಂತೂ ಒಮ್ಮೆಯೂ ಬೇಕಾಗಿಲ್ಲ.

ರಾತ್ರಿ ಮಗು ಮಲಗಿದ ಮೇಲೆ ಸಿನಿಮಾ ನೋಡುವವರಿಗೆ ‘ನೈಟ್ ಮೋಡ್’ ಎಂಬುದಿದೆ. ಕೆಲವು ರಿಸೀವರ್‌ಗಳಲ್ಲಿ ‘ಡೈನಾಮಿಕ್ ವಾಲ್ಯೂಮ್’ ಎನ್ನುತ್ತಾರೆ. ಅದು ಸ್ಫೋಟದ ಸದ್ದನ್ನು ತಗ್ಗಿಸಿ ಪಿಸುಮಾತನ್ನು ಎತ್ತಿ ಕೊಡುತ್ತದೆ.

ಮಾಗಡಿಯಲ್ಲಿರುವ ನಾದಿನಿಯ ಮನೆಯಲ್ಲಿ ಇನ್ನೊಂದು ವಿಚಿತ್ರ. ಸಿನಿಮಾ ಹಾಕಿದರೆ ಹಿನ್ನೆಲೆ ಸಂಗೀತ ಜೋರು, ಮಾತೇ ಇಲ್ಲ. ಕೆಟ್ಟಿದೆ ಎಂದು ರಿಪೇರಿಗೆ ಕೊಡಲು ಹೊರಟಿದ್ದಳು. ಅವಳಲ್ಲಿ ಇರುವುದೇ ಎರಡು ಸ್ಪೀಕರ್. ಆದರೆ ರಿಸೀವರ್ ಐದಿವೆ ಎಂದು ನಂಬಿ, ಇಲ್ಲದ ಸೆಂಟರ್ ಸ್ಪೀಕರ್‌ಗೆ ಮಾತನ್ನೆಲ್ಲ ಕಳಿಸುತ್ತಿತ್ತು. ಸ್ಪೀಕರ್ ಸೆಟಪ್‌ನಲ್ಲಿ ಸೆಂಟರ್ ಮುಂದೆ ‘ನನ್’ ಎಂದು ಆರಿಸಿದೊಡನೆ ಮಾತು ಎರಡೂ ಬದಿಗೆ ಹಂಚಿಹೋಯಿತು. ಎರಡು ನಿಮಿಷದ ಕೆಲಸ.

ಆದರೆ ಸಹೋದರಿಯರೇ, ಎಲ್ಲವನ್ನೂ ಯಂತ್ರದ ತಲೆಗೆ ಕಟ್ಟಬೇಡಿ. ವಯಸ್ಸಾದಂತೆ ಮೊದಲು ಕುಂದುವುದು ತೀಕ್ಷ್ಣ ಸ್ವರಗಳ ಗ್ರಹಿಕೆ. ಸ, ಶ, ಫ ಮುಂತಾದ ವ್ಯಂಜನಗಳು ತಿಳಿಯುವುದು ಆ ಸ್ವರಗಳಿಂದಲೇ. ಅದಕ್ಕೇ ಹಿರಿಯರು “ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ” ಎನ್ನುವುದು. ಬಾಸ್ ಹೆಚ್ಚಿಸಿದರೆ ಇನ್ನಷ್ಟು ಕಷ್ಟ. ನಮ್ಮ ಅತ್ತೆ 18 ವರ್ಷ ರೇಷ್ಮೆ ನೂಲನ್ನು ಹುರಿ ಮಾಡುವ ಯಂತ್ರಗಳ ನಡುವೆ ನಿಂತವರು. ಕನಕಪುರದಲ್ಲಿರುವ ನಮ್ಮ ಚಾಚಾ ಕಲ್ಲು ಕ್ವಾರಿಯಲ್ಲಿ ದುಡಿದವರು, ಅವರದೂ ಇದೇ ಕಥೆ. ದಿನಕ್ಕೆ 8 ಗಂಟೆ 85 ಡೆಸಿಬಲ್‌ಗೆ ಮೇಲ್ಪಟ್ಟ ಗದ್ದಲದಲ್ಲಿ ವರ್ಷಗಟ್ಟಲೆ ಇದ್ದರೆ ಕಿವಿಯೊಳಗಿನ ಸೂಕ್ಷ್ಮ ಕೋಶಗಳು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ.

ಹಾಗಾಗಿ ಅತ್ತೆಯನ್ನು ರೈಲಿನಲ್ಲಿ ಮೈಸೂರಿಗೆ ಕರೆದೊಯ್ದು, ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿದೆವು. ಹೊರಡುವ ಮುನ್ನ “ನಾನೇನು ಕಿವುಡಿಯೇ?” ಎಂದು ಕೋಪಿಸಿಕೊಂಡರು. ಎರಡು ದಿನ ಮಾತು ಬಿಟ್ಟರು. “ಅಮ್ಮಿ, ಕಣ್ಣಿಗೆ ಕನ್ನಡಕ ಹಾಕಿಸಿಕೊಳ್ಳಲಿಲ್ಲವೇ?” ಎಂದು ಯಜಮಾನರು ಕೇಳಿದ ಮೇಲೆ ಒಪ್ಪಿದರು. ಬಲಗಿವಿಗೆ ಶ್ರವಣ ಸಾಧನ ಬಂದಿದೆ. ಇನ್ನೂ ರೂಢಿಯಾಗಿಲ್ಲ, ಅರ್ಧ ದಿನ ಡಬ್ಬಿಯಲ್ಲೇ ಇರುತ್ತದೆ.

ರಿಮೋಟ್‌ನ ಬೆನ್ನಿಗೆ ಒಂದು ಚೀಟಿ ಅಂಟಿಸಿದ್ದೇನೆ: ವಾರ್ತೆಗೆ ಮೂವಿ ಗುಂಡಿ, ಹಾಡಿಗೆ ಸ್ಟೀರಿಯೊ. ಅತ್ತೆಗಾಗಿ ಅದನ್ನೇ ಉರ್ದುವಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಮಕ್ಕಳು ಈಗಲೂ ಕದ್ದು ‘ಸ್ಟೇಡಿಯಂ’ ಒತ್ತುತ್ತಾರೆ. ಯಾರು ಒತ್ತಿದ್ದು ಎಂದು ದಿವಾನದ ಮೇಲಿನಿಂದಲೇ ಗದರಿಕೆ ಬರುತ್ತದೆ.