ಕಮಿಟಿಯೂ ಉತ್ತರ ಕೊಡಬೇಕು

ಶಅಬಾನ್ ತಿಂಗಳ ಒಂದು ರಾತ್ರಿ, ಇಶಾ ನಮಾಝ್ ಮುಗಿಸಿ ಪಳ್ಳಿಯಿಂದ ಹೊರಗೆ ಕಾಲಿಡುವಾಗ ಗದಗ ಜಿಲ್ಲೆಯ ಡೋಣಿಯಿಂದ ಫೋನ್ ಬಂತು. ಅಲ್ಲಿ ಚಿಕ್ಕ ಅಂಗಡಿ ಇಟ್ಟುಕೊಂಡಿರುವ ನಮ್ಮ ಊರಿನವರೊಬ್ಬರು ಮಾತಾಡಿದರು. ಅವರ ಪಕ್ಕದ ಮನೆಯ ಹುಡುಗಿ ಬೇರೆ ಜಿಲ್ಲೆಯ ಒಂದು ವಸತಿ ಸಂಸ್ಥೆಯಲ್ಲಿ ಓದುತ್ತಿದ್ದಳಂತೆ. ಅಲ್ಲಿ ಕೆಲಸಕ್ಕಿದ್ದವನೊಬ್ಬ ಅವಳ ಮೇಲೆ ಕೈ ಮಾಡಿದ್ದಾನೆ. ತಾಯಿ ಧೈರ್ಯ ಮಾಡಿ ಪೊಲೀಸ್ ಠಾಣೆಗೆ ಹೋಗಿ ಕೇಸು ದಾಖಲಿಸಿದ್ದಾರೆ. ಆಡಳಿತದವರು ಮಾತ್ರ, "ಅವನನ್ನು ತೆಗೆದುಹಾಕಿದ್ದೇವೆ, ನಿಮ್ಮ ಫೀಸು ವಾಪಸು ಕೊಡುತ್ತೇವೆ, ಇನ್ನು ನಮ್ಮನ್ನು ಎಳೆಯಬೇಡಿ" ಅಂದರಂತೆ. ನಮ್ಮ ಊರಿನವರ ಪ್ರಶ್ನೆ ಇಷ್ಟೇ: "ಉಸ್ತಾದ್, ಅವನ ಮೇಲೆ ಕೇಸು ಆಯಿತು. ಅವನನ್ನು ಇಟ್ಟುಕೊಂಡವರಿಗೆ ಏನೂ ಇಲ್ಲವಾ?"

ನಮಗೆ ಉತ್ತರ ಗೊತ್ತಿರಲಿಲ್ಲ. ಫಿಕ್ಹ್ ಕಲಿತವರಿಗೆ ಇಂಡಿಯಾದ ಸಿವಿಲ್ ಕಾನೂನು ಬರಬೇಕೆಂದಿಲ್ಲ, ಆದರೂ ನಾಚಿಕೆಯಾಯಿತು. ಆಮೇಲೆ ತಿಳಿದವರಲ್ಲಿ ಕೇಳಿ, ಓದಿ ಸಂಗ್ರಹಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಆ ಸಂಸ್ಥೆ ಯಾವುದು, ಯಾವ ಧರ್ಮದವರದ್ದು ಎಂದು ಬರೆಯುವುದಿಲ್ಲ. ಓದುವವರು ಅದನ್ನೇ ಮೊದಲು ಕೇಳುತ್ತಾರೆಂದು ಗೊತ್ತು. ನಮ್ಮ ಕಾಯಿಲೆಯೇ ಅದು: ಬೇರೆಯವರದ್ದಾದರೆ ವಾಟ್ಸಾಪಿನಲ್ಲಿ ಹಂಚುತ್ತೇವೆ, ನಮ್ಮವರದ್ದಾದರೆ "ಫಿತ್ನ ಮಾಡಬೇಡಿ" ಅನ್ನುತ್ತೇವೆ.

ಮೊದಲು ಅಜ್ಮೀರಿಗೆ ಹೊರಟಿದ್ದ ಒಬ್ಬ ಹೆಣ್ಣುಮಗಳ ವಿಷಯ. 1998ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದಿಂದ ಬಂದಿದ್ದ ಆ ಮಹಿಳೆ ಹೌರಾ ಸ್ಟೇಷನ್ನಿನಲ್ಲಿ ಅಜ್ಮೀರ್ ಕಡೆಯ ರೈಲಿಗೆ ಕಾಯುತ್ತಿದ್ದರು. ಸೀಟು ಖಚಿತ ಮಾಡಿಕೊಡುತ್ತೇವೆಂದು ನಂಬಿಸಿ ಆಕೆಯನ್ನು ರೈಲ್ವೆಯದೇ ಯಾತ್ರಿ ನಿವಾಸಕ್ಕೆ ಕರೆದುಕೊಂಡು ಹೋದರು. ಅತ್ಯಾಚಾರ ಮಾಡಿದವರಲ್ಲಿ ರೈಲ್ವೆಯ ನೌಕರರಿದ್ದರು. ಕಲ್ಕತ್ತಾ ಹೈಕೋರ್ಟಿನ ವಕೀಲೆ ಚಂದ್ರಿಮಾ ದಾಸ್ ಅವರಿಗೆ ಆ ಮಹಿಳೆ ಸಂಬಂಧಿಕರಲ್ಲ, ಪರಿಚಯದವರೂ ಅಲ್ಲ. ಆದರೂ ಆಕೆಗೆ ರೈಲ್ವೆ ಪರಿಹಾರ ಕೊಡಬೇಕೆಂದು ಹೈಕೋರ್ಟಿಗೆ ಹೋದರು. ಹೈಕೋರ್ಟು 10 ಲಕ್ಷ ರೂಪಾಯಿ ಕೊಡಲು ಹೇಳಿತು. ರೈಲ್ವೆ ಸುಪ್ರೀಂ ಕೋರ್ಟಿಗೆ ಹೋಗಿ ಹೇಳಿದ್ದೇನು? ಆಕೆ ವಿದೇಶದವಳು, ನೌಕರರು ಮಾಡಿದ್ದು ಅವರ ಸ್ವಂತ ಪಾಪ, ಡ್ಯೂಟಿಯ ಕೆಲಸವಲ್ಲ, ಬೇಕಿದ್ದರೆ ಸಿವಿಲ್ ದಾವೆ ಹಾಕಲಿ. 2000ರ ಜನವರಿ 28ರಂದು ಸುಪ್ರೀಂ ಕೋರ್ಟು ಈ ಯಾವ ಮಾತನ್ನೂ ಒಪ್ಪಲಿಲ್ಲ. ಜೀವದ ಹಕ್ಕು ವಿದೇಶಿಯರಿಗೂ ಇದೆ, ನೌಕರರ ಕೃತ್ಯಕ್ಕೆ ಸರಕಾರ ಹೊಣೆ, 10 ಲಕ್ಷ ಕೊಡಲೇಬೇಕು ಅಂದಿತು.

ನೌಕರನ ತಪ್ಪಿಗೆ ಯಜಮಾನನೂ ಹೊಣೆ ಎಂಬ ಈ ಮಾತು ಹೊಸದೇನಲ್ಲ. ಲಾರಿ ಡ್ರೈವರ್ ಗುದ್ದಿದರೆ ಮಾಲಕನ ಮೇಲೆ ಕೇಸು ಬರುತ್ತದೆಂದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಲೈಂಗಿಕ ದೌರ್ಜನ್ಯದ ವಿಷಯದಲ್ಲಿ ಮಾತ್ರ ಹಲವು ದೇಶಗಳ ಕೋರ್ಟುಗಳು ಬಹುಕಾಲ ತಡವರಿಸಿದವು. "ಮಗುವನ್ನು ಕೆಡಿಸಲು ಯಾರೂ ಸಂಬಳ ಕೊಡುವುದಿಲ್ಲವಲ್ಲ, ಅದು ಅವನ ಡ್ಯೂಟಿ ಹೇಗಾಗುತ್ತದೆ?" ಎಂಬುದು ಅವರ ಲೆಕ್ಕ. ಇಂಗ್ಲೆಂಡಿನಲ್ಲಿ ಈ ಲೆಕ್ಕ ತಪ್ಪಿದ್ದು 2001ರಲ್ಲಿ. ಒಂದು ವಸತಿಗೃಹದ ವಾರ್ಡನ್ ಅಲ್ಲಿದ್ದ ಹುಡುಗರ ಮೇಲೆ ದೌರ್ಜನ್ಯ ಮಾಡಿದ್ದ. ಮಕ್ಕಳನ್ನು ನೋಡಿಕೊಳ್ಳುವ ಹೊಣೆಯನ್ನು ಸಂಸ್ಥೆ ವಹಿಸಿಕೊಂಡಿತ್ತು, ಅದೇ ಹೊಣೆಯನ್ನು ಆ ವಾರ್ಡನ್ ಕೈಗೆ ಕೊಟ್ಟಿತ್ತು, ಆದ್ದರಿಂದ ಸಂಸ್ಥೆಯೂ ಉತ್ತರ ಕೊಡಬೇಕು ಎಂದು ಅಲ್ಲಿನ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅಮಾನತ್. ಉಮ್ಮ ತನ್ನ ಮಗುವಿನ ಕೈ ಹಿಡಿದು ಮದ್ರಸದ ಬಾಗಿಲಿಗೆ ಬಿಡುವಾಗ ಕೊಡುವುದು ಉಸ್ತಾದರ ಕೈಗೆ ಮಾತ್ರ ಅಲ್ಲ, ಆ ಉಸ್ತಾದರನ್ನು ನೇಮಿಸಿದ ಕಮಿಟಿಯ ಕೈಗೂ ಕೊಡುತ್ತಾಳೆ.

ಅಮೆರಿಕದ ಬೋಸ್ಟನ್ನಿನಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಲ್ಲಿ ಕ್ಯಾಥೊಲಿಕ್ ಪಾದ್ರಿಗಳಿಂದ ದೌರ್ಜನ್ಯಕ್ಕೊಳಗಾದವರ ಪರವಾಗಿ ಮಿಚೆಲ್ ಗರಬೇಡಿಯನ್‌ರಂತಹ ವಕೀಲರು ಚರ್ಚಿನ ಮೇಲೆ ಸಿವಿಲ್ ದಾವೆಗಳನ್ನು ಹಾಕಿದರು. ಕೋರ್ಟಿನ ಆದೇಶದಿಂದ ಚರ್ಚಿನ ಒಳಗಿನ ಕಡತಗಳು ಬಯಲಿಗೆ ಬಂದವು. ದೂರು ಬಂದ ಪಾದ್ರಿಯನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಕಳಿಸುತ್ತಿದ್ದರು, ಹೊಸ ಊರಿನ ಜನರಿಗೆ ಏನೂ ಹೇಳುತ್ತಿರಲಿಲ್ಲ. 2002ರಲ್ಲಿ ಅದು ಪತ್ರಿಕೆಯಲ್ಲಿ ಬಂತು. ಮರುವರ್ಷ ಬೋಸ್ಟನ್ ಧರ್ಮಪ್ರಾಂತ 552 ಮಂದಿಗೆ ಒಟ್ಟು 85 ದಶಲಕ್ಷ ಡಾಲರ್ ಕೊಡಲು ಒಪ್ಪಿತು. ಅದಕ್ಕಾಗಿ ಆಸ್ತಿ ಮಾರಬೇಕಾಯಿತು. ಹಣಕ್ಕಿಂತ ಆ ಕಡತಗಳೇ ದೊಡ್ಡದು ಎಂದು ನಮಗನಿಸುತ್ತದೆ. ಕ್ರಿಮಿನಲ್ ಕೋರ್ಟು ಮುಖ್ಯವಾಗಿ ಕೇಳುವುದು "ಇವನು ಮಾಡಿದನೇ" ಎಂದು. "ಯಾರಿಗೆ ಗೊತ್ತಿತ್ತು, ಯಾವಾಗ ಗೊತ್ತಾಯಿತು, ಗೊತ್ತಾದ ಮೇಲೆ ಏನು ಮಾಡಿದಿರಿ" ಎಂದು ಕಮಿಟಿಯನ್ನು ನಿಲ್ಲಿಸಿ ಕೇಳುವುದು ಸಿವಿಲ್ ಕೋರ್ಟು. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೂ ಎದುರಾಳಿಯ ಕೈಯಲ್ಲಿರುವ ದಾಖಲೆಗಳನ್ನು ಹೊರಗೆ ತರಿಸಲು 11ನೇ ಆದೇಶದಲ್ಲಿ ದಾರಿ ಇದೆ.

ಒಂದು ಊರಿನಿಂದ ಇನ್ನೊಂದು ಊರಿಗೆ ಕಳಿಸುವುದು ಓದುವಾಗ ನಮ್ಮ ಕೆಲವು ಓದುಗರು ತಲೆ ತಗ್ಗಿಸಿರಬಹುದು. ನಾವೂ ತಗ್ಗಿಸಿದೆವು. ಮದ್ರಸದಲ್ಲಿ ಏನೋ ಆಯಿತೆಂದು ಕೇಳಿದ ಮಗ್ರಿಬ್‌ಗೆ ಕಮಿಟಿ ಸೇರುತ್ತದೆ, ಸುಬ್ಹಿಗೆ ಮೊದಲು ಆ ಮನುಷ್ಯನ ಪೆಟ್ಟಿಗೆ ಬಸ್ಸಿನಲ್ಲಿರುತ್ತದೆ. ಮುಂದಿನ ಊರಿನ ಮಕ್ಕಳ ಬಗ್ಗೆ ಯಾರೂ ಯೋಚಿಸುವುದಿಲ್ಲ. ಹೆಚ್ಚಿನ ಉಸ್ತಾದರು ಅಲ್ಪ ಸಂಬಳದಲ್ಲಿ ಮಾನದಿಂದ ಬದುಕುವವರು. ಹೀಗೆ ರಾತ್ರೋರಾತ್ರಿ ಸಾಗಿಸುವುದರಿಂದ ಅವರಿಗೂ ಅನ್ಯಾಯ, ಏಕೆಂದರೆ ಸಂಶಯ ಎಲ್ಲರ ಮೇಲೂ ಉಳಿಯುತ್ತದೆ.

ಈಗ ನಮ್ಮ ದೇಶದ ಪೋಕ್ಸೊ ಕಾನೂನಿಗೆ ಬರೋಣ. 2012ರ ಈ ಕಾನೂನಿನಲ್ಲಿ ಶಿಕ್ಷಣ ಸಂಸ್ಥೆ ಅಥವಾ ಧಾರ್ಮಿಕ ಸಂಸ್ಥೆಯ ಆಡಳಿತದವರು, ಸಿಬ್ಬಂದಿ ಅಲ್ಲಿನ ಮಗುವಿನ ಮೇಲೆ ಮಾಡುವ ಕೃತ್ಯ ಹೆಚ್ಚು ಗಂಭೀರ ಅಪರಾಧ. 2019ರ ತಿದ್ದುಪಡಿಯ ನಂತರ ಅದರ ಅತಿ ಗಂಭೀರ ರೂಪಕ್ಕೆ ಕನಿಷ್ಠ ಶಿಕ್ಷೆಯೇ 20 ವರ್ಷ. 19ನೇ ಸೆಕ್ಷನ್ ಪ್ರಕಾರ ವಿಷಯ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ಸಂಸ್ಥೆಯ ಮುಖ್ಯಸ್ಥರಾದರೆ ತನ್ನ ಕೈಕೆಳಗಿನವನ ವಿಷಯ ಮುಚ್ಚಿಟ್ಟದ್ದಕ್ಕೆ ಒಂದು ವರ್ಷದವರೆಗೆ. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ರಾಜುರಾದಲ್ಲಿ ಆದಿವಾಸಿ ಹುಡುಗಿಯರ ಹಾಸ್ಟೆಲಿನ ಪ್ರಕರಣದಲ್ಲಿ, ಗೊತ್ತಿದ್ದೂ ತಿಳಿಸಲಿಲ್ಲವೆಂಬ ಆರೋಪ ವೈದ್ಯರೊಬ್ಬರ ಮೇಲೆ ಬಂತು. ಹೈಕೋರ್ಟು ಅವರ ಮೇಲಿನ ಕೇಸು ರದ್ದು ಮಾಡಿತ್ತು. 2022ರ ನವೆಂಬರ್ 2ರಂದು ಸುಪ್ರೀಂ ಕೋರ್ಟು ಆ ರದ್ದತಿಯನ್ನೇ ತಳ್ಳಿಹಾಕಿತು.

ಇನ್ನು ರಾಜಿ ಪಂಚಾಯಿತಿ. ರಾಜಸ್ಥಾನದಲ್ಲಿ ಶಿಕ್ಷಕನೊಬ್ಬನ ಮೇಲೆ ವಿದ್ಯಾರ್ಥಿನಿಯ ಕಡೆಯಿಂದ ಕೇಸಾಗಿತ್ತು. ಆಮೇಲೆ ತಂದೆಯಿಂದ ಸ್ಟ್ಯಾಂಪ್ ಪೇಪರಿನಲ್ಲಿ ತಪ್ಪು ತಿಳುವಳಿಕೆಯಿಂದ ದೂರು ಕೊಟ್ಟೆವೆಂದು ಬರೆಸಿಕೊಂಡರು. ಹೈಕೋರ್ಟು ರಾಜಿ ಒಪ್ಪಿ ಕೇಸು ಮುಗಿಸಿತು. ಸುಪ್ರೀಂ ಕೋರ್ಟಿಗೆ ಹೋದವರು ಮನೆಯವರಲ್ಲ, ಅದೇ ಊರಿನ ಜನ. 2024ರ ನವೆಂಬರ್ 7ರಂದು ಕೋರ್ಟು ಕೇಸನ್ನು ಮತ್ತೆ ಜೀವಂತ ಮಾಡಿತು, ಇದು ಇಬ್ಬರ ನಡುವಿನ ಖಾಸಗಿ ಜಗಳ ಅಲ್ಲ ಎಂದಿತು. ಜಮಾಅತಿನ ಲೆಟರ್‌ಹೆಡ್ಡಿನಲ್ಲಿ ಸಹಿ ಹಾಕಿಸಿಕೊಂಡು ಫೈಲಿನಲ್ಲಿಟ್ಟರೆ ಮುಗಿಯಿತೆಂದು ನಂಬಿರುವ ಹಿರಿಯರು ಇದನ್ನು ಎರಡು ಸಲ ಓದಲಿ.

ಹಾಗಾದರೆ ಸಂಸ್ಥೆಗಳ ಮೇಲೆ ಸಿವಿಲ್ ದಾವೆ ನಮ್ಮಲ್ಲಿ ಯಾಕೆ ಅಪರೂಪ? ಕಾರಣ ಮಾನದ ಅಂಜಿಕೆ ಒಂದೇ ಅಲ್ಲ. ಅಮೆರಿಕದಲ್ಲಿ ಗೆದ್ದರೆ ಇಷ್ಟು ಪಾಲು ಎಂದು ಮಾತಾಡಿಕೊಂಡು ವಕೀಲರು ಬಡವರ ಕೇಸನ್ನು ತಮ್ಮ ಖರ್ಚಿನಲ್ಲೇ ನಡೆಸುತ್ತಾರೆ. ನಮ್ಮ ಬಾರ್ ಕೌನ್ಸಿಲ್ ನಿಯಮ ಅದನ್ನು ಒಪ್ಪುವುದಿಲ್ಲ. ಆ ನಿಷೇಧಕ್ಕೂ ನ್ಯಾಯವಿದೆ, ಇಲ್ಲದಿದ್ದರೆ ನೊಂದವರ ಹಣ ಇನ್ನೊಬ್ಬರ ವ್ಯಾಪಾರವಾದೀತು. ಆದರೆ ಫಲವೇನೆಂದರೆ, ಕೇಳುವ ಪರಿಹಾರ ದೊಡ್ಡದಾದಷ್ಟು ಕೋರ್ಟು ಫೀಸು ದೊಡ್ಡದು, ವರ್ಷಗಟ್ಟಲೆ ಅಲೆದಾಟ, ಡೋಣಿಯಂತಹ ಹಳ್ಳಿಯ ಕೂಲಿ ಮನೆಯವರು ಆ ಕಡೆ ತಿರುಗಿಯೂ ನೋಡುವುದಿಲ್ಲ. ಅವಧಿಯದ್ದೂ ತೊಡಕಿದೆ. ಇಂತಹ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಮಿತಿ. ನೊಂದದ್ದು ಮಗುವಾದರೆ ಲೆಕ್ಕ 18 ತುಂಬಿದ ಮೇಲೆ ಶುರುವಾಗುತ್ತದೆ, ಅಂದರೆ 21ರೊಳಗೆ ಹಾಕಬೇಕು. ಅಷ್ಟರಲ್ಲಿ ಎಷ್ಟು ಹುಡುಗಿಯರು ಬಾಯಿ ಬಿಟ್ಟಿರುತ್ತಾರೆ? ಕ್ಯಾಲಿಫೋರ್ನಿಯಾದಲ್ಲಿ 2019ರ ಒಂದು ಕಾನೂನು ಹಳೆಯ ಪ್ರಕರಣಗಳಿಗೂ ಮೂರು ವರ್ಷ ಬಾಗಿಲು ತೆರೆಯಿತು. ನಮ್ಮ ಸಂಸತ್ತಿನಲ್ಲೂ ಯಾರಾದರೂ ಈ ಮಾತೆತ್ತಬೇಕಿತ್ತು.

ಆದರೂ ಕೈ ಖಾಲಿ ಇಲ್ಲ. 1987ರ ಕಾನೂನು ಸೇವೆಗಳ ಕಾಯಿದೆಯಲ್ಲಿ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟಿದ್ದರೂ ಉಚಿತ ವಕೀಲರ ನೆರವು ಕೇಳುವ ಹಕ್ಕಿದೆ, ಕೋರ್ಟು ಫೀಸಿನ ಖರ್ಚೂ ಅದರಲ್ಲಿ ಸೇರುತ್ತದೆ. ಜಿಲ್ಲಾ ಕೋರ್ಟಿನಲ್ಲಿ ಪ್ರಾಧಿಕಾರದ ಕಚೇರಿ, ತಾಲೂಕಿನಲ್ಲಿ ಸಮಿತಿ ಇರುತ್ತದೆ. ಫೋನ್ ಮಾಡಬೇಕಿದ್ದರೆ 15100. ಮಕ್ಕಳ ವಿಷಯಕ್ಕೆ 1098. ಪೋಕ್ಸೊ 40ನೇ ಸೆಕ್ಷನ್ ಪ್ರಕಾರ ಕ್ರಿಮಿನಲ್ ಕೇಸಿನಲ್ಲೂ ಮನೆಯವರು ತಮ್ಮದೇ ವಕೀಲರನ್ನು ಇಟ್ಟುಕೊಳ್ಳಬಹುದು. ಸರಕಾರಿ ವಕೀಲರು ಇದ್ದಾರಲ್ಲ ಎಂದು ಸುಮ್ಮನಿರುವವರೇ ಹೆಚ್ಚು. ಸರಕಾರಿ ವಕೀಲರದ್ದು ಸರಕಾರದ ಕೇಸು. ಮಗುವಿನ ಪರಿಹಾರದ ಅರ್ಜಿ, ಹೆಸರಿನ ಗೌಪ್ಯತೆ, ಶಾಲೆ ಬದಲಿಸುವ ಸಮಸ್ಯೆ ಇವುಗಳನ್ನು ನೆನಪಿಟ್ಟು ಕೇಳಲು ಬೇರೊಬ್ಬರು ಬೇಕು.

ಪರಿಹಾರದ ವಿಷಯದಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಮಾತಿದೆ. 2020ರ ಪೋಕ್ಸೊ ನಿಯಮಗಳಂತೆ ಎಫ್‌ಐಆರ್ ಆದ ಮೇಲೆ ಯಾವ ಹಂತದಲ್ಲೂ ಮಧ್ಯಂತರ ಪರಿಹಾರ ಕೇಳಬಹುದು. ಆರೋಪಿ ಸಿಗದಿದ್ದರೂ, ಖುಲಾಸೆಯಾದರೂ, ಮಗುವಿಗೆ ಹಾನಿಯಾಗಿದೆ ಎಂದು ಕೋರ್ಟಿಗೆ ಅನಿಸಿದರೆ ಪರಿಹಾರಕ್ಕೆ ಆದೇಶಿಸಬಹುದು. ಆದೇಶ ಬಂದ 30 ದಿನದೊಳಗೆ ಸರಕಾರ ಕೊಡಬೇಕು. 2018ರ ರಾಷ್ಟ್ರೀಯ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ ಎಂದಿದೆ, ಅಪ್ರಾಪ್ತರಾದರೆ ಮಿತಿ ಅದರ ಒಂದೂವರೆ ಪಾಲು. ಆದರೆ ಗಮನಿಸಿ, ಇದು ಸರಕಾರದ ಹಣ, ಅಂದರೆ ನಮ್ಮ ನಿಮ್ಮ ತೆರಿಗೆ. ತಪ್ಪು ನಡೆದ ಸಂಸ್ಥೆಯ ಕಿಸೆಯಿಂದ ಒಂದು ರೂಪಾಯಿಯೂ ಹೋಗುವುದಿಲ್ಲ. ಸಿವಿಲ್ ದಾವೆ ಬೇಕೆನ್ನುವುದು ಇದಕ್ಕೇ.

ನಮ್ಮ ರಾಜ್ಯದಲ್ಲಿ ಇಂತಹ ಮಾತು ಬಂದಾಗ ಎಲ್ಲರಿಗೂ ನೆನಪಾಗುವುದು ಚಿತ್ರದುರ್ಗದ ಮುರುಘಾ ಮಠದ ಪ್ರಕರಣ. 2022ರ ಆಗಸ್ಟಿನಲ್ಲಿ ಹಾಸ್ಟೆಲಿನ ಇಬ್ಬರು ಹುಡುಗಿಯರು ಮೈಸೂರಿನ ಒಡನಾಡಿ ಸಂಸ್ಥೆಯನ್ನು ತಲುಪಿ ಹೇಳಿಕೊಂಡ ಮೇಲೆ ಕೇಸು ಮೈಸೂರಿನಲ್ಲಿ ದಾಖಲಾಯಿತು. ಪೀಠಾಧಿಪತಿಯ ಬಂಧನ, ಜಾಮೀನು, ಸುಪ್ರೀಂ ಕೋರ್ಟು ಎಲ್ಲ ಆಗಿ 2025ರ ನವೆಂಬರಿನಲ್ಲಿ ಚಿತ್ರದುರ್ಗದ ಕೋರ್ಟು ಮೊದಲ ಪ್ರಕರಣದಲ್ಲಿ ಅವರನ್ನು ಖುಲಾಸೆ ಮಾಡಿತು. ಕೋರ್ಟಿನ ತೀರ್ಪನ್ನು ನಾವು ಗೌರವಿಸುತ್ತೇವೆ, ಅದರ ಮೇಲೆ ಇಲ್ಲಿ ಚರ್ಚೆ ಇಲ್ಲ. ನಾವು ಹೇಳುವುದು ದೂರದ ಬಗ್ಗೆ. ದುರ್ಗದಿಂದ ಮೈಸೂರಿಗೆ 200 ಕಿಲೋಮೀಟರಿಗೂ ಮೇಲೆ. ಹಾಸ್ಟೆಲಿನ ಮಕ್ಕಳು ಒಂದು ಮಾತು ಹೇಳಿಕೊಳ್ಳಲು ಅಷ್ಟು ದೂರ ಹೋಗಬೇಕಾಗುವ ಸ್ಥಿತಿ ಯಾವ ಧರ್ಮದ ಸಂಸ್ಥೆಯಲ್ಲೂ ಇರಬಾರದು. ನಮ್ಮ ದರ್ಸ್, ಯತೀಂಖಾನ, ಹೆಣ್ಣುಮಕ್ಕಳ ಶರೀಅತ್ ಕಾಲೇಜು ಎಲ್ಲದಕ್ಕೂ ಇದೇ ಮಾತು. ಮಗು ನಂಬಿ ಹೇಳುವುದಕ್ಕೆ ಒಬ್ಬ ಹೆಂಗಸು, ಆಡಳಿತಕ್ಕೆ ಸೇರದವರು, ಅಲ್ಲಿ ಇದ್ದಾರೆಯೇ? ನೇಮಿಸುವ ಮೊದಲು ಹಿಂದಿನ ಮಹಲ್ಲಿಗೆ ಫೋನ್ ಮಾಡಿ, ಯಾಕೆ ಬಿಟ್ಟರು ಎಂದು ಬರವಣಿಗೆಯಲ್ಲಿ ಕೇಳುವ ಕ್ರಮ ಇದೆಯೇ?

ಇದನ್ನು ಬರೆದರೆ ಶತ್ರುಗಳಿಗೆ ಅಸ್ತ್ರ ಕೊಟ್ಟಂತಾಗುತ್ತದೆ ಎಂದು ನಮ್ಮ ಸ್ನೇಹಿತರೊಬ್ಬರು ಎಚ್ಚರಿಸಿದರು. ಅವರ ಭಯ ಸುಳ್ಳಲ್ಲ, ಒಂದು ಮದ್ರಸದ ಸುದ್ದಿಯನ್ನು ಎಲ್ಲ ಮದ್ರಸಗಳ ಮೇಲೆ ಹಾಕುವವರು ಇದ್ದಾರೆ. ಅವರಿಗೆ ಹೆದರಿ ನಮ್ಮದೇ ಮಗುವಿನ ಬಾಯಿ ಮುಚ್ಚಿದರೆ ಆ ಮಗುವಿಗೆ ನಾವೂ ಅವರೂ ಒಂದೇ.

ಡೋಣಿಯ ಆ ತಾಯಿಯೊಂದಿಗೆ ಎರಡನೆಯ ಸಲ ಫೋನಿನಲ್ಲಿ ಮಾತಾಡಿದೆವು. "ಕೋರ್ಟ್ ಅಂದ್ರ ಅಂಜಿಕಿ ಬರ್ತೈತ್ರಿ. ಮಗಳ ಹೆಸರು ಪೇಪರ್‌ನ್ಯಾಗ ಬರೂದಿಲ್ಲ ಅಲ್ರಿ?" ಎಂದು ಕೇಳಿದರು. ಬರಬಾರದು, ಪತ್ರಿಕೆ ಹಾಕಿದರೆ ಪತ್ರಿಕೆಯ ಮೇಲೇ ಕೇಸಾಗುತ್ತದೆ, ಸಿವಿಲ್ ದಾವೆಯಲ್ಲೂ ಹೆಸರು ಮರೆಮಾಡಲು ವಕೀಲರು ಕೋರ್ಟನ್ನು ಕೇಳಬಹುದು ಎಂದೆವು. ಗದಗದ ಪ್ರಾಧಿಕಾರದ ಕಚೇರಿಗೆ ಅವರು ನಮ್ಮ ಊರಿನವರನ್ನೇ ಜೊತೆ ಮಾಡಿಕೊಂಡು ಹೋಗಿ ಬಂದರು. ಅಲ್ಲಿ ಸಿಕ್ಕ ವಕೀಲೆ ಮೊದಲು ಕೇಳಿದ್ದು ಮೂರು ಕಾಗದ: ಹಾಸ್ಟೆಲಿನ ಪ್ರವೇಶದ ಅರ್ಜಿ, ಫೀಸಿನ ರಶೀದಿ, ಮತ್ತು ಅವನನ್ನು ತೆಗೆದುಹಾಕಿದ್ದೇವೆಂದು ಆಡಳಿತದವರು ಕಳಿಸಿದ್ದ ವಾಟ್ಸಾಪ್ ಮೆಸೇಜು. ರಶೀದಿ ಹುಡುಗಿಯ ಹಳೆಯ ಟ್ರಂಕಿನಲ್ಲಿ ಸಿಕ್ಕಿದೆ. ಫೀಸು ವಾಪಸು ತೆಗೆದುಕೊಳ್ಳಬೇಡಿ ಎಂದು ವಕೀಲೆ ಹೇಳಿದ್ದಾರಂತೆ.