ಬಿರಡೆ ಬದಲಿಸಿದರೆ ವೀಣೆ ಬದಲಾದೀತೆ?

ಮೈಸೂರಿನ ದಾರಿ ಹೆದ್ದಾರಿಯಿಂದ ಕವಲೊಡೆಯುವುದು ನಮ್ಮ ಮಾಣಿಯಲ್ಲಿ. ಮಡಿಕೇರಿ, ಸುಳ್ಯ, ಪುತ್ತೂರುಗಳನ್ನು ಹಾದು ಬರುವ ಆ ದಾರಿಯಲ್ಲೇ 1961ರಲ್ಲಿ ನಮ್ಮ ತಂದೆಯವರು ಅಕ್ಕನಿಗಾಗಿ ಮೈಸೂರು ವೀಣೆಯೊಂದನ್ನು ತಂದರು. ಬಸ್ಸಿನಲ್ಲಿ ಉದ್ದಕ್ಕೂ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಬಂದಿದ್ದರಂತೆ. ಆ ವೀಣೆಯ ಮರದ ಬಿರಡೆಗಳನ್ನು ತೆಗೆದು ಗಿಟಾರಿನಲ್ಲಿರುವಂತಹ ಹಲ್ಲುಚಕ್ರದ ಬಿರಡೆಗಳನ್ನು ಜೋಡಿಸುವ ಮಾತು ಬಂದಾಗ ಮೊದಲು ವಿರೋಧಿಸಿದವನು ನಾನೇ.

ಮರದ ಬಿರಡೆ ನಿಲ್ಲುವುದು ಕೇವಲ ಬಿಗಿತದಿಂದ. ಅದನ್ನು ಒಳಕ್ಕೆ ಒತ್ತುತ್ತಲೇ ತಿರುಗಿಸಬೇಕು. ನಮ್ಮೂರಿನ ಆಷಾಢದ ಮಳೆಯಲ್ಲಿ ಮರ ಉಬ್ಬಿ ಬಿರಡೆ ಕಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಒಣಗಿ ಜಾರುತ್ತದೆ. ಜಾರಿದಾಗಲೆಲ್ಲ ಸೀಮೆಸುಣ್ಣ ಉಜ್ಜಿ ಕೊಡುವ ಕೆಲಸ ಮೇಷ್ಟರಾದ ನನ್ನದಾಗಿತ್ತು. ಹಲ್ಲುಚಕ್ರದ ಬಿರಡೆಯ ಬಗೆ ಬೇರೆ. ಕೀಲಿಯನ್ನು ಸುಮಾರು 14 ಸುತ್ತು ತಿರುಗಿಸಿದರೆ ತಂತಿ ಸುತ್ತಿದ ಕಂಬ ಒಂದು ಸುತ್ತು ತಿರುಗುತ್ತದೆ. ಆದ್ದರಿಂದ ಶ್ರುತಿಯನ್ನು ಕೂದಲೆಳೆಯಷ್ಟು ಸರಿಸಬಹುದು. ತಂತಿ ಎಷ್ಟೇ ಎಳೆದರೂ ಅದು ಹಿಂದಕ್ಕೆ ತಿರುಗದು.

ಪರಂಪರೆಯ ಗತಿಯೇನು ಎಂದು ನೀವು ಕೇಳಬಹುದು. 24 ಮೆಟ್ಟಿಲುಗಳನ್ನು ಮೇಣದಲ್ಲಿ ಸ್ಥಿರವಾಗಿ ಕೂರಿಸಿದ ಇಂದಿನ ವೀಣೆಯೂ ಒಂದು ಕಾಲದ ಸುಧಾರಣೆಯೇ. ಅದರ ಕೀರ್ತಿ 17ನೆಯ ಶತಮಾನದ ತಂಜಾವೂರಿಗೆ ಸಲ್ಲುತ್ತದೆ. ತಂತಿಯ ತುದಿಯಲ್ಲಿ ಸೂಕ್ಷ್ಮ ಶ್ರುತಿಗೆಂದೇ ಇರುವ ಲಂಗರು ಕೂಡ ಯಾರೋ ಜಾಣ ಕುಶಲಕರ್ಮಿಯ ಯೋಚನೆ. ಪಶ್ಚಿಮದ ಪಿಟೀಲನ್ನು ನಮ್ಮದೆಂದು ಅಪ್ಪಿಕೊಂಡವರು ನಾವು. ಹವಾಯಿಯ ಗಿಟಾರನ್ನು ಮಾರ್ಪಡಿಸಿ ‘ಮೋಹನ ವೀಣೆ’ಯೆಂದು ಕರೆದ ವಿಶ್ವಮೋಹನ ಭಟ್ಟರಿಗೆ 1994ರಲ್ಲಿ ಗ್ರ್ಯಾಮಿ ಬಂದಾಗ ಸಂತೋಷಪಟ್ಟವರೂ ನಾವೇ.

ಆದರೂ ನನ್ನ ಅಳುಕು ನಿರಾಧಾರವಾಗಿರಲಿಲ್ಲ. ಒಮ್ಮೆ ಕೊರೆದ ತೂತು ಮತ್ತೆ ಮುಚ್ಚಿದರೂ ಮೊದಲಿನಂತಾಗದು. ಲೋಹದಿಂದ ತಲೆಯ ಕಡೆ ಭಾರ ಹೆಚ್ಚುತ್ತದೆ. ತಿರುಪು ಸಡಿಲವಾದರೆ ನಾದದೊಡನೆ ಕಿರುಗುಟ್ಟುವ ಸದ್ದೂ ಬರುತ್ತದೆ. ಹಿರಿಯ ವಿದ್ವಾಂಸರು ನುಡಿಸಿದ, ಸಂಗ್ರಹಾಲಯದಲ್ಲಿ ಇರಬೇಕಾದ ವೀಣೆಗಳನ್ನು ಯಾರೂ ಮುಟ್ಟಬಾರದೆಂದೇ ಇಂದಿಗೂ ನನ್ನ ಮತ.

ಅಕ್ಕನ ವೀಣೆ ಅಂತಹುದಲ್ಲ. ಸಂಧಿವಾತದಿಂದ ಅವಳ ಮಣಿಕಟ್ಟು ಸೋತಿತ್ತು. ಬೆರಳುಗಳು ಇನ್ನೂ ನುಡಿಸಬಲ್ಲವು, ಬಿರಡೆ ಒತ್ತಲಾರವು. ಎರಡು ವರ್ಷ ವೀಣೆ ಬಟ್ಟೆ ಹೊದ್ದು ಮೂಲೆಯಲ್ಲಿತ್ತು. ನಾನು ವಾದಿಸುತ್ತಲೇ ಇದ್ದಾಗ ಅವಳು, “ತಮ್ಮಾ, ನೀನು ಕಾಪಾಡುತ್ತಿರುವುದು ಬಿರಡೆಯನ್ನೋ, ವೀಣೆಯನ್ನೋ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ನುಡಿಸುವ ನಾಲ್ಕು ತಂತಿಗಳ ಬಿರಡೆಗಳನ್ನಷ್ಟೇ ಬದಲಿಸಿದೆವು. ತಾಳದ ಮೂರು ತಂತಿಗಳಿಗೆ ಮರದವೇ ಉಳಿದಿವೆ. ಅವುಗಳನ್ನು ನಾನು ತಿರುಗಿಸಿಕೊಡುತ್ತೇನೆ. ತೆಗೆದ ನಾಲ್ಕನ್ನೂ ಹೆಸರು ಬರೆದು ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಮನೆಯಲ್ಲಿ ಹಳೆಯ ವಾದ್ಯವಿರುವವರಿಗೆ ನನ್ನ ಸಲಹೆ ಇಷ್ಟೇ: ಆದಷ್ಟು ಕಡಿಮೆ ಕೊರೆಯಿರಿ, ತೆಗೆದುದನ್ನು ಎಸೆಯದಿರಿ, ಆದರೆ ನುಡಿಸುವವರು ಬದುಕಿರುವಾಗ ವಾದ್ಯವನ್ನು ಮೌನವಾಗಿಸಬೇಡಿ.

ನಾದ ಮೊದಲಿನಂತೆಯೇ ಇದೆಯೇ? ಮಂದ್ರದಲ್ಲಿ ಏನೋ ತುಸು ವ್ಯತ್ಯಾಸವೆಂದು ನನ್ನ ಕಿವಿಗೆ ಅನ್ನಿಸುತ್ತದೆ. ಅಕ್ಕ ಇಲ್ಲವೆನ್ನುತ್ತಾಳೆ. ನುಡಿಸುವವಳು ಅವಳು, ಅವಳ ಮಾತೇ ನಿಲ್ಲಲಿ.