ಹೊಳೆಗಿಳಿಯುವ ದಾರಿ ನಮ್ಮ ತೋಟದೊಳಗೇ ಇದೆ

ಕಳೆದ ಬೇಸಿಗೆಯಲ್ಲಿ ಒಂದು ದಿನ ನಮ್ಮ ಪಂಪು ನೀರೆತ್ತುವುದನ್ನು ನಿಲ್ಲಿಸಿತು. ಮೋಟಾರು ತಿರುಗುತ್ತಿತ್ತು, ನೀರು ಮಾತ್ರ ಬರುತ್ತಿರಲಿಲ್ಲ. ಹೊಳೆಗಿಳಿದು ಫುಟ್‌ವಾಲ್ವ್ ಮೇಲೆತ್ತಿ ನೋಡಿದರೆ ಅದರ ಜಾಲರಿಗೆ ಹರಿದ ನೈಲಾನ್ ಬಲೆಯ ತುಂಡೊಂದು ಸುತ್ತಿಕೊಂಡಿತ್ತು. ಅದರೊಳಗೆ ಶಾಂಪೂ ಪೊಟ್ಟಣಗಳು, ಕೊಳೆತ ಪಂಚೆಯ ಚೂರು, ಸತ್ತ ಒಂದು ಆಮೆಮರಿ ಮತ್ತು ಕೀಟನಾಶಕದ ಸಣ್ಣ ಖಾಲಿ ಬಾಟಲಿ ಇದ್ದವು. ಪಂಚೆ, ಶಾಂಪೂ ಯಾತ್ರಿಕರದೆಂದು ಅವರನ್ನು ಬೈದೆ. ಬಲೆ ಕಳ್ಳತನದಲ್ಲಿ ಮೀನು ಹಿಡಿಯುವವರದೆಂದು ಅವರನ್ನೂ ಬೈದೆ. ಬಾಟಲಿಯನ್ನು ತಿರುಗಿಸಿ ಚೀಟಿ ನೋಡಿದಾಗ ಮಾತು ನಿಂತುಹೋಯಿತು. ಅದೇ ಔಷಧಿಯನ್ನು ಹಿಂದಿನ ಮಳೆಗಾಲದಲ್ಲಿ ನಮ್ಮ ಗದ್ದೆಗೂ ಹೊಡೆದಿದ್ದೆವು. ಖಾಲಿ ಬಾಟಲಿಗಳನ್ನು ಬದುವಿನ ಮೇಲೆಯೇ ಬಿಟ್ಟು ಬಂದಿದ್ದೆವು. ಆ ಬಾಟಲಿ ನಮ್ಮದೋ ಮೇಲಿನ ಊರಿನವರದೋ ಹೇಳಲಾಗದು. ಆದರೆ ಅದು ನಮ್ಮಂಥ ರೈತನೊಬ್ಬನದು ಎಂಬುದರಲ್ಲಿ ಸಂಶಯವಿರಲಿಲ್ಲ.

ಅಂದಿನಿಂದ ಈ ವಿಷಯವನ್ನು ಬರೆಯಬೇಕೆಂದಿದ್ದೆ. ಹೊಳೆ ಕೆಟ್ಟಿತೆಂದು ನಾವೆಲ್ಲರೂ ಹೇಳುತ್ತೇವೆ. ಕೆಡಿಸಿದವರು ಯಾವಾಗಲೂ ಬೇರೆಯವರೇ ಆಗಿರುತ್ತಾರೆ. ಹೊಳೆದಂಡೆಯ ಹೆಚ್ಚಿನ ನೆಲ ಯಾರ ಕೈಯಲ್ಲಿದೆ ಎಂದು ಮಾತ್ರ ನಾವು ಕೇಳಿಕೊಳ್ಳುವುದಿಲ್ಲ.

ನಮ್ಮ ತುಂಗೆ

‘ಗಂಗಾ ಸ್ನಾನ, ತುಂಗಾ ಪಾನ’ ಎಂಬ ಮಾತನ್ನು ಕೇಳದವರಿಲ್ಲ. ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಶೃಂಗೇರಿ, ತೀರ್ಥಹಳ್ಳಿ, ಮಂಡಗದ್ದೆ, ಗಾಜನೂರು, ಶಿವಮೊಗ್ಗಗಳನ್ನು ಹಾದು ಸುಮಾರು 147 ಕಿಲೋಮೀಟರ್ ಹರಿದು ಕೂಡಲಿಯಲ್ಲಿ ಭದ್ರೆಯನ್ನು ಸೇರುತ್ತಾಳೆ. ಈ ದಾರಿಯಲ್ಲಿ ದೊಡ್ಡ ಊರುಗಳು ಕೆಲವೇ. ಉಳಿದುದೆಲ್ಲ ಕಾಡು, ಅಡಿಕೆ ತೋಟ ಮತ್ತು ಭತ್ತದ ಗದ್ದೆ. ಪಟ್ಟಣದ ಚರಂಡಿ ಹೊಳೆಗೆ ಮಾಡುವ ಕೇಡು ದೊಡ್ಡದೆಂಬುದು ನಿಜ. ಅದನ್ನು ತಡೆಯುವ ಹೊಣೆ ನಗರದ ಆಡಳಿತದ್ದು. ಆದರೆ ಪಟ್ಟಣ ಮುಟ್ಟುವ ಮೊದಲಿನ ಹೊಳೆ ಬಹುಪಾಲು ನಮ್ಮ ಕಣ್ಣೆದುರಿಗೇ ಇದೆ. ಅಲ್ಲಿ ನಡೆಯುವುದು ನಮಗೆ ತಿಳಿಯದೆ ನಡೆಯುವುದು ಅಪರೂಪ.

ಹಿಡಿಯುವುದು ಬೇರೆ, ಕೊಲ್ಲುವುದು ಬೇರೆ

ಮೀನು ಹಿಡಿಯುವುದೇ ತಪ್ಪೆಂದು ಈ ಲೇಖನದ ವಾದವಲ್ಲ. ಇಲಾಖೆಯ ಪರವಾನಗಿ ಪಡೆದು ತೆಪ್ಪ, ಬಲೆ ಹಿಡಿದು ಬದುಕುವ ಬೆಸ್ತ, ಅಂಬಿಗ ಕುಟುಂಬಗಳು ಹೊಳೆಯುದ್ದಕ್ಕೂ ಇವೆ. ಅವರು ದೊಡ್ಡ ಕಣ್ಣಿನ ಬಲೆ ಬಿಡುತ್ತಾರೆ. ಮರಿ ತಪ್ಪಿಸಿಕೊಳ್ಳುತ್ತದೆ, ಮುಂದಿನ ವರ್ಷಕ್ಕೂ ಮೀನು ಉಳಿಯುತ್ತದೆ.

ತೋಟೆ ಎಸೆಯುವವನ ಕೆಲಸ ಹಾಗಲ್ಲ. ಸಿಡಿಮದ್ದು ನೀರೊಳಗೆ ಸಿಡಿದಾಗ ಅದರ ಹೊಡೆತಕ್ಕೆ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಒಡೆಯುತ್ತದೆ. ಮೇಲೆ ತೇಲಿದ ಕೆಲವನ್ನು ಆತ ಹೆಕ್ಕಿಕೊಳ್ಳುತ್ತಾನೆ. ಎಷ್ಟೋ ಮೀನು ತಳಕ್ಕಿಳಿದು ಅಲ್ಲೇ ಕೊಳೆಯುತ್ತವೆ. ಮೊಟ್ಟೆ, ಮರಿ, ಮೀನಿನ ಆಹಾರವಾದ ಹುಳುಗಳು ಎಲ್ಲವೂ ಒಮ್ಮೆಗೇ ಹೋಗುತ್ತವೆ. ವಿಷ ಬೆರೆಸುವುದು ಇದಕ್ಕಿಂತಲೂ ಕೆಟ್ಟದ್ದು. ಹಿಂದೆ ಕಾರೆಕಾಯಿ, ಕಾಕಮಾರಿ ಬೀಜಗಳನ್ನು ಅರೆದು ಸಣ್ಣ ಗುಂಡಿಗಳಿಗೆ ಹಾಕುತ್ತಿದ್ದರು. ಈಗ ಆ ಜಾಗಕ್ಕೆ ಬ್ಲೀಚಿಂಗ್ ಪುಡಿ, ಕೀಟನಾಶಕಗಳು ಬಂದಿವೆ. ಅದೇ ಮಡುವಿನ ನೀರನ್ನು ಮರುದಿನ ಹಸು ಕುಡಿಯುತ್ತದೆ, ಹಾಗೆ ಸತ್ತ ಮೀನನ್ನು ತಿಳಿಯದವರು ಕೊಂಡು ತಿನ್ನುತ್ತಾರೆ.

ಘಟ್ಟದ ಕೆಳಗೆ ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯ ಮೀನುಗಳನ್ನು ಜನರು ದೇವರ ಮೀನೆಂದು ತಲೆತಲಾಂತರದಿಂದ ಕಾಪಾಡಿಕೊಂಡು ಬಂದಿದ್ದರು. 1996ರಲ್ಲಿ ದುಷ್ಕರ್ಮಿಗಳು ಅಲ್ಲಿ ವಿಷ ಹಾಕಿದರು. ಸಾವಿರಾರು ಮೀನುಗಳು ಸತ್ತವು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕವನ್ನೇ ಕಟ್ಟಿದ್ದಾರೆ. ಅಷ್ಟು ಕಾಲ ಸಾಕಿದ್ದನ್ನು ಕಳೆಯಲು ಅಷ್ಟೇ ಸಾಕಾಯಿತು.

ಕರೆಂಟು ಎಲ್ಲಿಂದ ಬಂತು?

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಊರಿನ ಮೂರು ನಾಲ್ಕು ಹುಡುಗರು ಸಂಜೆ ಮನೆಗೆ ಬಂದು, ‘ಅಣ್ಣಾ, ಪಂಪ್‌ಮನೆ ಬೀಗದ ಕೈ ಒಂದು ಗಳಿಗೆ ಕೊಡಿ’ ಎಂದರು. ಯಾಕೆಂದು ನಾನು ಕೇಳಲಿಲ್ಲ. ಕೇಳದೆಯೂ ಗೊತ್ತಿತ್ತು. ಸ್ಟಾರ್ಟರ್ ಪೆಟ್ಟಿಗೆಯಿಂದ ವೈರು ಎಳೆದು, ಬಿದಿರಿನ ಗಳುವಿಗೆ ಕಟ್ಟಿ ಮಡುವಿಗೆ ಇಳಿಸಿದರು. ಬೆಳಿಗ್ಗೆ ನಮ್ಮ ಮನೆಗೂ ಬಾಳೆ ಎಲೆಯಲ್ಲಿ ಸುತ್ತಿದ ಪಾಲು ಬಂತು. ಅದನ್ನು ನಾವು ಉಂಡೆವು.

ಆ ರಾತ್ರಿ ಒಬ್ಬನ ಕಾಲು ಜಾರಿ ಅವನು ನೀರಿಗೆ ಬಿದ್ದನಂತೆ. ಪೆಟ್ಟಿಗೆಯ ಹತ್ತಿರ ನಿಂತಿದ್ದವನು ಆಗಷ್ಟೇ ಸ್ವಿಚ್ ಆರಿಸಿದ್ದರಿಂದ ಅವನು ಬದುಕಿದ. ಈ ಸಂಗತಿ ನನಗೆ ತಿಳಿದದ್ದು ವಾರದ ನಂತರ. ಅವನ ತಾಯಿ ನಮ್ಮ ತೋಟಕ್ಕೆ ಅಡಿಕೆ ಹೆಕ್ಕಲು ಬರುವವರು. ಅವರ ಮುಖ ನೋಡುವುದು ನನಗೆ ಬಹಳ ದಿನ ಕಷ್ಟವಾಯಿತು. ಆರಿಸುವುದು ಒಂದು ಗಳಿಗೆ ತಡವಾಗಿದ್ದರೆ, ಕೊಂದ ಕರೆಂಟು ನನ್ನ ಮೀಟರಿನದ್ದು, ಕೊಟ್ಟ ಬೀಗದ ಕೈ ನನ್ನದು.

10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟುಗಳಿಗೆ ಸರ್ಕಾರ ಉಚಿತವಾಗಿ ಕೊಡುತ್ತಿರುವ ವಿದ್ಯುತ್ತು ಬೆಳೆಗೆಂದು ಕೊಟ್ಟದ್ದು. ಅದನ್ನು ಬೇರೆ ಕೆಲಸಕ್ಕೆ ಬಳಸುವುದು 2003ರ ವಿದ್ಯುತ್ ಕಾಯಿದೆಯ ಪ್ರಕಾರ ಕಳ್ಳತನ. ಕಾಯಿದೆಯ ಮಾತಿರಲಿ, ಮನುಷ್ಯನ ಜೀವದ ಮಾತನ್ನು ಮೊದಲು ಯೋಚಿಸಬೇಕು.

ಹತ್ತುಮೀನಿನ ಕಾಲ

ಮಲೆನಾಡಿನವರಿಗೆ ಇನ್ನೊಂದು ಮಾತು ಹಿಡಿಸಲಿಕ್ಕಿಲ್ಲ. ಮೃಗಶಿರಾ ಮಳೆ ಹಿಡಿದು ಹೊಸ ನೀರು ಬಂದೊಡನೆ ಮೀನುಗಳು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುತ್ತವೆ. ಟಾರ್ಚು, ಕತ್ತಿ, ಬಲೆ ಹಿಡಿದು ಹತ್ತುಮೀನಿಗೆ ಹೋಗುವುದು ನಮ್ಮಲ್ಲಿ ಹಬ್ಬದಂತೆ. ನಾನೂ ಹೋದವನೇ.

ಆದರೆ ಮೀನು ಹತ್ತುವುದು ಏತಕ್ಕೆಂಬುದನ್ನು ಗಮನಿಸಬೇಕು. ಅದು ಮೊಟ್ಟೆಯಿಡಲು ಬರುತ್ತದೆ. ಗೆಂಡೆ ಜಾತಿಯ ಒಂದು ಕಿಲೋ ತೂಕದ ಹೆಣ್ಣು ಮೀನಿನ ಹೊಟ್ಟೆಯಲ್ಲಿ ಲಕ್ಷಕ್ಕೂ ಹೆಚ್ಚು ಮೊಟ್ಟೆಗಳಿರುತ್ತವೆ. ಮಹಶೀರ್ ಇಡುವ ಮೊಟ್ಟೆ ಅದಕ್ಕಿಂತ ಬಹಳ ಕಡಿಮೆ. ಆದ್ದರಿಂದಲೇ ಅದು ಒಮ್ಮೆ ಕಡಿಮೆಯಾದರೆ ಮತ್ತೆ ಹೆಚ್ಚುವುದು ನಿಧಾನ. ಮೊಟ್ಟೆ ತುಂಬಿದ ಮೀನನ್ನು ದಾರಿಯಲ್ಲೇ ಕಡಿಯುವುದೆಂದರೆ ಬಿತ್ತನೆಗಿಟ್ಟ ಭತ್ತವನ್ನು ಬೇಯಿಸಿ ಉಣ್ಣುವುದೇ ಸರಿ. ಹಸಿದವನು ಒಮ್ಮೆ ಹಾಗೆ ಮಾಡಿಯಾನು. ಹೊಟ್ಟೆ ತುಂಬಿದವನು ಪ್ರತಿ ವರ್ಷ ಮಾಡಿದರೆ ಅದಕ್ಕೆ ಏನೆನ್ನೋಣ?

ಅಜ್ಜಂದಿರೂ ಹಿಡಿಯುತ್ತಿದ್ದರಲ್ಲ ಎನ್ನುವವರಿದ್ದಾರೆ. ಅವರು ಗದ್ದೆಯ ಕಂಡಿಗೆ ಬಿದಿರಿನ ಕೂಣಿಯೊಂದನ್ನು ಇಡುತ್ತಿದ್ದರು. ಕೂಣಿ ತುಂಬಿದರೆ ಮುಗಿಯಿತು. ಹಳ್ಳದ ಉಳಿದ ದಾರಿ ತೆರೆದೇ ಇರುತ್ತಿತ್ತು. ಈಗ ಹಳ್ಳ ಹೊಳೆ ಸೇರುವ ಬಾಯಿಗೇ ದಡದಿಂದ ದಡಕ್ಕೆ ಸಣ್ಣ ಕಣ್ಣಿನ ನೈಲಾನ್ ಬಲೆ ಬಿಗಿಯುತ್ತಾರೆ. ಸೊಳ್ಳೆಪರದೆ ಕಟ್ಟುವವರೂ ಇದ್ದಾರೆ. ಅಣೆಕಟ್ಟುಗಳಿಂದ ಮೀನಿನ ದಾರಿ ಮೊದಲೇ ಕಡಿದಿದೆ. ಮೊಟ್ಟೆಯಿಡಲು ಬೇಕಾದ ಮರಳು, ಜಲ್ಲಿಯ ತಳವನ್ನು ಮರಳು ಎತ್ತುವವರು ಬಗೆದಿದ್ದಾರೆ. ಉಳಿದ ಹಳ್ಳದ ದಾರಿಯನ್ನೂ ನಾವು ಕಟ್ಟಿದರೆ ಮೀನು ಎಲ್ಲಿಗೆ ಹೋಗಬೇಕು? ಕಾವೇರಿಯ ಡುಬ್ಬದ ಮಹಶೀರ್ ಮೀನನ್ನು 2018ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ತುಂಗೆಯ ಮೀನುಗಳಿಗೆ ಆ ಗತಿ ಬರುವವರೆಗೆ ಕಾಯಬೇಕಾಗಿಲ್ಲ.

ತುತ್ತದ ಡ್ರಮ್ಮು, ಖಾಲಿ ಬಾಟಲಿ

ಅಡಿಕೆಯ ಕೊಳೆರೋಗಕ್ಕೆ ಶೇಕಡ 1ರ ಬೋರ್ಡೋ ದ್ರಾವಣವನ್ನು ಬಿಟ್ಟರೆ ನಮಗೆ ಗತಿಯಿಲ್ಲ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಮಕ್ಕಳಿಗೂ ಗೊತ್ತು. ಸಿಂಪಡಣೆ ಮುಗಿದ ಮೇಲೆ ಡ್ರಮ್ಮನ್ನು ಎಲ್ಲಿ ತೊಳೆಯುತ್ತೇವೆ? ಹತ್ತಿರದ ಹಳ್ಳದಲ್ಲಿ. ಮೈಲುತುತ್ತದಲ್ಲಿರುವ ತಾಮ್ರ ಅತಿ ಕಡಿಮೆ ಪ್ರಮಾಣದಲ್ಲಿಯೂ ಮೀನಿನ ಕಿವಿರನ್ನು ಕೆಡಿಸುತ್ತದೆ, ಮರಿಗಳಿಗಂತೂ ಬಹು ಬೇಗ. ನಾವು ಡ್ರಮ್ಮು ತೊಳೆಯುವ ಕಾಲವೂ ಮೀನು ಮರಿಯಾಗುವ ಕಾಲವೂ ಒಂದೇ ಎಂಬುದನ್ನು ಮರೆಯಬಾರದು.

ಇದಕ್ಕೆ ಖರ್ಚಿನ ಉಪಾಯವೇನೂ ಬೇಡ. ಡ್ರಮ್ಮು ತೊಳೆದ ನೀರನ್ನು ತೋಟದೊಳಗೆ, ಹಳ್ಳ ಬಾವಿಗಳಿಂದ ದೂರದ ಗುಂಡಿಗೆ ಹಾಕಬೇಕು. ಕೀಟನಾಶಕದ ಬಾಟಲಿಯನ್ನು ಮೂರು ಸಲ ಗಲಬರಿಸಿ, ಆ ನೀರನ್ನು ಸಿಂಪಡಣೆಯ ಟ್ಯಾಂಕಿಗೇ ಸುರಿಯಬೇಕು. ಔಷಧಿಯೂ ಹಾಳಾಗದು. ನಂತರ ಬಾಟಲಿಗೆ ತೂತು ಹೊಡೆದು, ಮತ್ತೆ ಯಾರೂ ಬಳಸದಂತೆ ಮಾಡಬೇಕು. ಖಾಲಿ ಡಬ್ಬಗಳಿಂದ ನೀರು ಕೆಡದಂತೆ ನೋಡಿಕೊಳ್ಳಬೇಕೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ಅರ್ಧ ಶತಮಾನ ಕಳೆದರೂ ಅದು ನಮ್ಮ ಬದುವಿಗೆ ಬಂದು ಮುಟ್ಟಿಲ್ಲ.

ದಡದ ಕಸ

ಹೊಳೆದಂಡೆಗೆ ಊಟ ಕಟ್ಟಿಕೊಂಡು ಬರುವವರು ಹೆಚ್ಚಾಗಿದ್ದಾರೆ. ಅವರು ಬಿಟ್ಟುಹೋಗುವ ತಟ್ಟೆ, ಲೋಟ, ಮದ್ಯದ ಬಾಟಲಿಗಳು ಮೊದಲ ನೆರೆಗೆ ನಮ್ಮ ಗದ್ದೆಗೇ ಬರುತ್ತವೆ. ನಾಟಿ ಮಾಡುವ ಹೆಂಗಸರ ಕಾಲಿಗೆ ಗಾಜು ಚುಚ್ಚುತ್ತದೆ. ದಡದಲ್ಲಿ ಮೇಯುವ ದನ ಪ್ಲಾಸ್ಟಿಕ್ಕನ್ನು ನುಂಗುತ್ತದೆ. ಬಿಟ್ಟುಹೋದ ಬಲೆಯ ತುಂಡಿನಲ್ಲಿ ಆಮೆ, ನೀರುನಾಯಿಗಳು ಸಿಕ್ಕಿ ಸಾಯುತ್ತವೆ.

ಸರ್ಕಾರ ಸುಮ್ಮನಿಲ್ಲ. 2016ರಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳ ನಿಷೇಧವಾಯಿತು. 2025ರ ಮಾರ್ಚಿನಲ್ಲಿ ತೀರ್ಥಕ್ಷೇತ್ರಗಳ ನದಿದಡದಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರದಂತೆಯೂ ಭಕ್ತರು ಬಟ್ಟೆಗಳನ್ನು ನೀರಿಗೆ ಬಿಡದಂತೆಯೂ ನೋಡಿಕೊಳ್ಳಲು ರಾಜ್ಯದ ಪರಿಸರ ಸಚಿವರು ಅಧಿಕಾರಿಗಳಿಗೆ ಸೂಚಿಸಿದರು. ಇವೆಲ್ಲ ಒಳ್ಳೆಯ ಕ್ರಮಗಳೇ. ಆದರೆ ನಮ್ಮ ಮನೆಯ ಕಸವನ್ನು ಹಳ್ಳದ ಅಂಚಿಗೆ ಸುರಿದು, ಪರವೂರಿನವರಿಗೆ ಬುದ್ಧಿ ಹೇಳಿದರೆ ಯಾರು ಕೇಳುತ್ತಾರೆ?

ಕಾಯಿದೆ ಇದೆ, ಕಾಯುವವರು ಬೇಕು

ಸಿಡಿಮದ್ದು, ವಿಷ ಹಾಕಿ ಮೀನು ಕೊಲ್ಲುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ಅಪರಾಧವೆಂದಿತು. ಅಂದು ವಿಧಿಸಿದ್ದ ಶಿಕ್ಷೆ ಹೆಚ್ಚೆಂದರೆ ಎರಡು ತಿಂಗಳ ಸೆರೆ ಅಥವಾ 200 ರೂಪಾಯಿ ದಂಡ. ನೀರಿಗೆ ವಿಷವಸ್ತು ಬಿಡುವುದನ್ನು 1974ರ ಜಲ ಮಾಲಿನ್ಯ ಕಾಯಿದೆ ತಡೆಯುತ್ತದೆ. ಕಾಯಿದೆಗಳಿಗೆ ಕೊರತೆಯಿಲ್ಲ. ಆದರೆ ಇಡೀ ತಾಲ್ಲೂಕಿಗೆ ಬೆರಳೆಣಿಕೆಯ ಸಿಬ್ಬಂದಿ ಇರುವ ಇಲಾಖೆ ರಾತ್ರಿ ಯಾವ ಮಡುವನ್ನು ಕಾಯಬಲ್ಲದು?

ತುಂಗೆಯಲ್ಲಿ ಮೀನು ನಿರ್ಭಯವಾಗಿ ಬೆಳೆದಿರುವ ಜಾಗಗಳನ್ನು ನೋಡಿ. ಶೃಂಗೇರಿಯ ಮಠದ ಮೆಟ್ಟಿಲುಗಳ ಬಳಿ, ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆಯಲ್ಲಿ ದೊಡ್ಡ ದೊಡ್ಡ ಮೀನುಗಳು ಜನರ ಕೈಯಿಂದ ಮಂಡಕ್ಕಿ ತಿನ್ನುತ್ತವೆ. ಅಲ್ಲಿಯ ನೀರೂ ಇದೇ ತುಂಗೆಯ ನೀರು. ಇಲ್ಲಿ ಹಿಡಿಯಬಾರದೆಂದು ದಡದ ಜನ ಒಪ್ಪಿ ನಡೆದುಕೊಂಡಿದ್ದಾರೆ, ಅಷ್ಟೆ. ಆ ಒಪ್ಪಿಗೆಗೆ ದೇವಸ್ಥಾನವೇ ಇರಬೇಕೆಂದಿಲ್ಲ. ಪ್ರತಿ ಊರೂ ತನ್ನ ಹೊಳೆಯ ಒಂದು ಮಡುವನ್ನು ಹೀಗೆ ಬಿಟ್ಟುಕೊಡಬಹುದು. ಅಲ್ಲಿ ಬೆಳೆದ ಮೀನು ಮೇಲಕ್ಕೂ ಕೆಳಕ್ಕೂ ಹರಡಿ, ಬಲೆ ಬಿಡುವ ಬಡ ಬೆಸ್ತನಿಗೂ ಸಿಗುತ್ತದೆ.

ಆದ್ದರಿಂದ ದಂಡೆಯ ರೈತರ ಮುಂದೆ ನನ್ನ ಸಲಹೆಗಳು ಇಷ್ಟೇ:

1. ಪಂಪ್‌ಮನೆಗೆ ಬೀಗವಿರಲಿ, ಬೀಗದ ಕೈ ಮನೆಯಲ್ಲಿರಲಿ. ಕೇಳಿದವನು ನೆಂಟನಾದರೂ ಕೊಡಬಾರದು.

2. ಹಳ್ಳದ ಬಾಯಿಗೆ ಅಡ್ಡಬಲೆ ಕಟ್ಟಬಾರದು. ಹೊಸನೀರಿನ ಮೊದಲ ವಾರಗಳಲ್ಲಿ ಹತ್ತುವ ಮೀನಿಗೆ ಕತ್ತಿ ಎತ್ತಬಾರದು.

3. ತುತ್ತದ ಡ್ರಮ್ಮು, ಸಿಂಪಡಣೆಯ ಸಲಕರಣೆಗಳು ಹರಿಯುವ ನೀರನ್ನು ಮುಟ್ಟಬಾರದು.

4. ಗ್ರಾಮಸಭೆಯಲ್ಲಿ ಊರಿನ ಒಂದು ಮಡುವನ್ನು ಮೀನಿಗೆಂದು ಬಿಡುವ ಠರಾವು ಮಾಡಿ, ಮೀನುಗಾರಿಕೆ ಇಲಾಖೆಗೆ ಕಳುಹಿಸಬೇಕು. ಪರವಾನಗಿಯುಳ್ಳ ಮೀನುಗಾರರನ್ನು ಆ ಸಭೆಗೆ ತಪ್ಪದೆ ಕರೆಯಬೇಕು. ಹೊಳೆಯನ್ನು ನಮಗಿಂತ ಚೆನ್ನಾಗಿ ಬಲ್ಲವರು ಅವರು.

5. ತೋಟೆಯ ಶಬ್ದ ಕೇಳಿದರೆ ಒಬ್ಬರೇ ಎದುರು ಹೋಗದೆ, ನಾಲ್ಕು ಮನೆಯವರು ಸೇರಿ ಪೊಲೀಸರಿಗೆ ತಿಳಿಸಬೇಕು.

‘ಒಬ್ಬರ ಜತೆ ಹಗೆ ಯಾಕೆ?’ ಎಂದು ಸುಮ್ಮನಿರುವುದು ನಮ್ಮ ರೂಢಿ. ಆ ಸಂಜೆ ನಾನೂ ಹಾಗೆಂದುಕೊಂಡೇ ಬೀಗದ ಕೈ ಕೊಟ್ಟೆ. ನಂಟಸ್ತಿಕೆ ಉಳಿಸಿಕೊಳ್ಳಲು ಹೋಗಿ ಒಬ್ಬ ತಾಯಿಯ ಮಗನನ್ನೇ ಕಳೆಯುವವನಿದ್ದೆ. ಮರುವರ್ಷ ಅದೇ ಹುಡುಗರು ಮತ್ತೆ ಬಂದರು. ಈ ಸಲ ಕೊಡುವುದಿಲ್ಲವೆಂದೆ. ಅವರು ಸ್ವಲ್ಪ ದಿನ ಮುಖ ತಿರುಗಿಸಿದರು. ಈಗ ಮಾತಾಡುತ್ತಾರೆ. ಅಂದು ನೀರಿಗೆ ಬಿದ್ದಿದ್ದವನು ಈಗ ನಮ್ಮ ತೋಟಕ್ಕೇ ಔಷಧಿ ಹೊಡೆಯಲು ಬರುತ್ತಾನೆ. ಡ್ರಮ್ಮನ್ನು ಹಳ್ಳದಿಂದ ದೂರ ಉರುಳಿಸಿಕೊಂಡು ಹೋಗಿ ತೊಳೆಯುವವನೂ ಅವನೇ.